ಆಂಗರರ್, ನಾಡಿನ್

ಜರ್ಮನಿಯ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಮತ್ತು ನಾಯಕಿ. ನಿವೃತ್ತಿಯ ಬಳಿಕ ಗೋಲ್‌ಕೀಪರ್‌ಗಳ ಕೋಚ್. ಫಿಫಾ ಕೊಡುವ ವರ್ಷದ ಶ್ರೇಷ್ಠ ಆಟಗಾರ್ತಿ ಗೌರವವನ್ನು (2013) ಪಡೆದ ಮೊದಲ ಗೋಲ್‌ಕೀಪರ್ ಈಕೆ. ಪುರುಷರಲ್ಲಿ ಸೋವಿಯತ್ ಒಕ್ಕೂಟದ ಕೀಪರ್ ಲೆವ್ ಯಾಷಿನ್‌ಗೆ 1963ರಲ್ಲಿ ಸಂದ ಬ್ಯಾಲನ್ ಡಿ'ಓರ್, ಫಿಫಾ ಅಲ್ಲ, ಫ್ರೆಂಚ್ ಪತ್ರಿಕೆಯೊಂದು ಯುರೋಪಿನ ಆಟಗಾರರಿಗಷ್ಟೇ ಕೊಡುತ್ತಿದ್ದ ಪ್ರಶಸ್ತಿ.

ಹುಟ್ಟಿದ್ದು 1978ರ ನವೆಂಬರ್ 10ರಂದು, ಬವೇರಿಯದ ಲೋರ್ ಆಮ್ ಮೈನ್ ಊರಿನಲ್ಲಿ. ಮೊದಲು ಆಡುತ್ತಿದ್ದದ್ದು ಮುಂಚೂಣಿಯಲ್ಲಿ. ಒಂದು ಪಂದ್ಯದಲ್ಲಿ ಕೀಪರ್ ಗಾಯಗೊಂಡಾಗ ಬದಲಿಯಾಗಿ ಗೋಲಿನ ಮುಂದೆ ನಿಂತವಳು ಅಲ್ಲೇ ಉಳಿದುಬಿಟ್ಟಳು. ನ್ಯೂರೆಂಬರ್ಗ್, ಮ್ಯೂನಿಕ್‌ಗಳ ಕ್ಲಬ್‌ಗಳಲ್ಲಿ ಆಡಿ 2001ರಲ್ಲಿ ಟರ್ಬೀನ್ ಪೋಟ್ಸ್‌ಡ್ಯಾಮ್ ಸೇರಿದಳು. 2005ರಲ್ಲಿ ಆ ತಂಡ ಯುಇಎಫ್ಎ ಮಹಿಳಾ ಕಪ್ ಗೆದ್ದಿತು.

ರಾಷ್ಟ್ರೀಯ ತಂಡದ ಪರ ಮೊದಲ ಪಂದ್ಯ 1996ರ ಆಗಸ್ಟ್‌ನಲ್ಲಿ, ನೆದರ್ಲೆಂಡ್ಸ್ ವಿರುದ್ಧ. ಆಮೇಲೆ ಶುರುವಾಯಿತು ದೀರ್ಘ ಕಾಯುವಿಕೆ. ಸಿಲ್ಕೆ ರಾಟನ್‌ಬರ್ಗ್ ಮೊದಲ ಆಯ್ಕೆಯಾಗಿದ್ದಷ್ಟು ಕಾಲ ಆಂಗರರ್‌ಗೆ ಹೆಚ್ಚಾಗಿ ಬೆಂಚೇ ಗತಿ. ಎರಡನೆಯ ಸ್ಟ್ರೈಕರ್‌ನನ್ನು ಕೊನೆಯ ಇಪ್ಪತ್ತು ನಿಮಿಷಕ್ಕಾದರೂ ಕಣಕ್ಕಿಳಿಸುತ್ತಾರೆ. ಎರಡನೆಯ ಕೀಪರ್‌ಗೆ ಆ ಅದೃಷ್ಟವೂ ಕಡಿಮೆ. ಜರ್ಮನಿ 2003ರಲ್ಲಿ ವಿಶ್ವಕಪ್ ಗೆದ್ದಾಗಲೂ ಆಕೆ ಮೀಸಲು ಆಟಗಾರ್ತಿಯೇ.

2007ರಲ್ಲಿ ರಾಟನ್‌ಬರ್ಗ್ ಮೊಣಕಾಲಿನ ಗಾಯಕ್ಕೆ ತುತ್ತಾದಾಗ ಕೋಚ್ ಸಿಲ್ವಿಯಾ ನೈಡ್ ಆಂಗರರ್‌ಗೆ ಜಾಗ ಕೊಟ್ಟಳು. ಚೀನಾದಲ್ಲಿ ನಡೆದ ಆ ವಿಶ್ವಕಪ್‌ನ ಆರು ಪಂದ್ಯಗಳ 540 ನಿಮಿಷಗಳಲ್ಲಿ ಜರ್ಮನಿಯ ಬಲೆಗೆ ಒಂದು ಗೋಲೂ ಬೀಳಲಿಲ್ಲ. ಇಟಲಿಯ ವಾಲ್ಟರ್ ಜೆಂಗಾ 1990ರಲ್ಲಿ ಮಾಡಿದ್ದ 517 ನಿಮಿಷಗಳ ದಾಖಲೆ ಮುರಿಯಿತು. ಈ ಅಂಕಿಯನ್ನು ಆಕೆಯೊಬ್ಬಳ ಖಾತೆಗೆ ಬರೆಯುವುದು ರೂಢಿ. ಅರ್ಜೆಂಟೀನಾವನ್ನು 11–0ಯಿಂದ ಸದೆಬಡಿದ ದಿನ ಕೀಪರ್‌ಗೆ ಹೆಚ್ಚಿನ ಕೆಲಸವೇನೂ ಇರಲಿಲ್ಲ ಎಂಬುದೂ ನಿಜ. ಆಕೆಯ ನಿಜವಾದ ಪರೀಕ್ಷೆ ಸೆಪ್ಟೆಂಬರ್ 30ರ ಷಾಂಘೈ ಫೈನಲ್. ಬ್ರೆಜಿಲ್ ವಿರುದ್ಧ ಜರ್ಮನಿ 1–0 ಮುಂದಿತ್ತು. 64ನೇ ನಿಮಿಷದಲ್ಲಿ ಬ್ರೆಜಿಲ್‌ಗೆ ಪೆನಾಲ್ಟಿ. ಒದೆಯಲು ನಿಂತವಳು ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದಿದ್ದ ಮಾರ್ತಾ. ಆಂಗರರ್ ಹಾರಿ ತಡೆದಳು. ಜರ್ಮನಿ 2–0ಯಿಂದ ಗೆದ್ದಿತು.

2013ರ ಯುರೋ ಕಪ್‌ನಲ್ಲಿ ಆಕೆ ನಾಯಕಿ. ಇಡೀ ಟೂರ್ನಿಯಲ್ಲಿ ಆಕೆ ಬಿಟ್ಟುಕೊಟ್ಟ ಒಂದೇ ಗೋಲು ಗುಂಪು ಹಂತದಲ್ಲಿ ನಾರ್ವೆ ಹೊಡೆದದ್ದು. ಅದೇ ನಾರ್ವೆ ಫೈನಲ್‌ನಲ್ಲೂ ಎದುರಾಯಿತು. ಎರಡು ಪೆನಾಲ್ಟಿ ಪಡೆಯಿತು. ಮೊದಲಾರ್ಧದಲ್ಲಿ ಟ್ರಿನೆ ರೊನ್ನಿಂಗ್, ದ್ವಿತೀಯಾರ್ಧದಲ್ಲಿ ಸೊಲ್ವೈಗ್ ಗುಲ್‌ಬ್ರಾಂಡ್‌ಸೆನ್ ಒದ್ದ ಎರಡನ್ನೂ ಆಂಗರರ್ ತಡೆದಳು. ಜರ್ಮನಿ 1–0ಯಿಂದ ಗೆದ್ದಿತು. ಟಿವಿಗಳು ಸ್ಟ್ರೈಕರ್‌ಗಳನ್ನೇ ತೋರಿಸುವ ಈ ಆಟದಲ್ಲಿ, ಮಾರ್ತಾ ಮತ್ತು ಅಮೆರಿಕದ ಆಬಿ ವಾಂಬಾಕ್‌ರನ್ನು ಹಿಂದಿಕ್ಕಿ ಫಿಫಾ ಪ್ರಶಸ್ತಿ ಕೀಪರ್‌ಗೆ ಹೋದದ್ದು ಈ ಒಂದು ಪಂದ್ಯದ ಬಲದಿಂದಲೇ ಎಂದರೆ ತಪ್ಪಾಗಲಾರದು.

ಕೊನೆಯ ಟೂರ್ನಿ 2015ರ ಕೆನಡಾ ವಿಶ್ವಕಪ್. ಕ್ವಾರ್ಟರ್ ಫೈನಲ್‌ನ ಪೆನಾಲ್ಟಿ ಶೂಟೌಟ್‌ನಲ್ಲಿ ಫ್ರಾನ್ಸ್‌ನ ಕೊನೆಯ ಒದೆತವನ್ನು ತಡೆದು ತಂಡವನ್ನು ದಾಟಿಸಿದಳು. ಸೆಮಿಫೈನಲ್‌ನಲ್ಲಿ ಅಮೆರಿಕದೆದುರು ಜರ್ಮನಿ ಸೋತಿತು. 146 ಅಂತರರಾಷ್ಟ್ರೀಯ ಪಂದ್ಯಗಳ ಬಳಿಕ ನಿವೃತ್ತಿ.

ಆಸ್ಟ್ರೇಲಿಯದ ಬ್ರಿಸ್ಬೇನ್ ರೋರ್ ನಂತರ 2014ರಿಂದ ಅಮೆರಿಕದ ಪೋರ್ಟ್‌ಲ್ಯಾಂಡ್ ಥಾರ್ನ್ಸ್‌ಗೆ ಆಡುತ್ತಿದ್ದ ಆಂಗರರ್, 2016ರಲ್ಲಿ ಅದೇ ಕ್ಲಬ್‌ನಲ್ಲಿ ಗೋಲ್‌ಕೀಪರ್ ಕೋಚ್ ಆದಳು. ಮುಖ್ಯ ಕೋಚ್ ಉಳಿದವರನ್ನು ಆಡಿಸುತ್ತಿದ್ದರೆ ಮೂರ್ನಾಲ್ಕು ಕೀಪರ್‌ಗಳನ್ನು ಮೈದಾನದ ಒಂದು ಮೂಲೆಗೆ ಕರೆದೊಯ್ದು ತಾಲೀಮು ಮಾಡಿಸುವ ಕೆಲಸವಿದು. ಅವರಲ್ಲಿ ಪಂದ್ಯಕ್ಕಿಳಿಯುವವಳು ಒಬ್ಬಳೇ. ಮಿಕ್ಕವರನ್ನೂ ಹದದಲ್ಲಿ ಇಟ್ಟುಕೊಳ್ಳಬೇಕು. ಹತ್ತು ವರ್ಷ ಬೆಂಚಿನಲ್ಲಿ ಕೂತವಳಿಗೆ ಅದನ್ನು ಬೇರೆಯವರು ಕಲಿಸಬೇಕಿರಲಿಲ್ಲ. ಆದರೆ ತಾನು ಮಾಡಿದ್ದನ್ನೇ ಒಪ್ಪಿಸುವಂತೆಯೂ ಇರಲಿಲ್ಲ: ಆಕೆಯ ಕಾಲದಲ್ಲಿ ಪೆನಾಲ್ಟಿ ಒದೆಯುವಾಗ ಕೀಪರ್‌ನ ಎರಡೂ ಕಾಲು ಗೆರೆಯ ಮೇಲಿರಬೇಕಿತ್ತು, 2019ರಿಂದ ಒಂದು ಕಾಲು ಸಾಕು.

ಆಕೆಯ ಗರಡಿಯಲ್ಲಿ ಪಳಗಿದ ಏಡ್ರಿಯಾನಾ ಫ್ರಾಂಚ್ 2017 ಮತ್ತು 2018ರಲ್ಲಿ ಅಮೆರಿಕದ ಲೀಗ್‌ನ ಶ್ರೇಷ್ಠ ಕೀಪರ್ ಆದಳು. ಥಾರ್ನ್ಸ್ 2017 ಮತ್ತು 2022ರಲ್ಲಿ ಚಾಂಪಿಯನ್. 2022ರ ಫೈನಲ್‌ನಲ್ಲಿ ಒಂದು ತಮಾಷೆ ಉಂಟು: ಥಾರ್ನ್ಸ್ ಗೋಲಿನಲ್ಲಿ ಬೆಲ್ಲಾ ಬಿಕ್ಸ್‌ಬಿ, ಎದುರಾಳಿ ಕಾನ್ಸಾಸ್ ಸಿಟಿಯ ಗೋಲಿನಲ್ಲಿ ತಂಡ ಬದಲಿಸಿದ್ದ ಫ್ರಾಂಚ್. ಎರಡೂ ತುದಿಯಲ್ಲಿ ನಿಂತವರು ಆಂಗರರ್‌ಳ ಶಿಷ್ಯೆಯರೇ.

2024ರಲ್ಲಿ ಪಿಯಾ ಸುಂಡ್‌ಹಾಗೆ ಸ್ವಿಟ್ಜರ್ಲೆಂಡ್‌ನ ಮುಖ್ಯ ಕೋಚ್ ಆದಾಗ ಆಂಗರರ್ ಆ ರಾಷ್ಟ್ರೀಯ ತಂಡವನ್ನು ಗೋಲ್‌ಕೀಪರ್ ಕೋಚ್ ಆಗಿ ಸೇರಿದಳು. ಅನುಭವಿ ಕೀಪರ್ ಗಾಯೆಲ್ ಥಾಲ್‌ಮನ್ ನಿವೃತ್ತಳಾಗಿದ್ದರಿಂದ ಅಲ್ಲಿ ಹೊಸ ಕೀಪರ್ ಬೇಕಿತ್ತು. ತವರಿನ ಯುರೋ 2025ಕ್ಕೆ ಎಲ್ವಿರಾ ಹೆರ್ಜೋಗ್ ಬದಲು ಲಿವಿಯಾ ಪೆಂಗ್ ಆಯ್ಕೆಯಾದಳು. ಸ್ವಿಟ್ಜರ್ಲೆಂಡ್ ಯುರೋದಲ್ಲಿ ಮೊದಲ ಸಲ ನಾಕೌಟ್ ಹಂತ ತಲುಪಿತು. ಬರ್ನ್‌ನಲ್ಲಿ ನಡೆದ ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್‌ನ ಅಲೆಕ್ಸಿಯಾ ಪುಟೆಯಾಸ್ ಒದ್ದ ಪೆನಾಲ್ಟಿಯನ್ನು ಪೆಂಗ್ ತಡೆದಳಾದರೂ ತಂಡ 0–2ರಿಂದ ಸೋತು ಹೊರಬಿತ್ತು.