ಸಿಂದವಾಡಿಯ ಬಹುಭಾಷಿಕತೆ: ಹೊಳಗುಂದ ಸೀಮೆಯ ಶಾಸನ, ಕಚೇರಿ, ಗಣತಿ

ಆಂಧ್ರದ ಹೊಳಗುಂದದ ಜನ ಕನ್ನಡ, ತೆಲುಗು ಎರಡನ್ನೂ ಆಡುವುದು 1953ರಲ್ಲಿ ಆಂಧ್ರಕ್ಕೂ ಮೈಸೂರಿಗೂ ನಡುವೆ ಬಿದ್ದ ಗಡಿಯಿಂದಾದದ್ದು ಎಂದು ಭಾವಿಸುವವರಿದ್ದಾರೆ. ದಾಖಲೆಗಳು ಇದಕ್ಕೆ ಒಪ್ಪುವುದಿಲ್ಲ.

ಈ ಸೀಮೆಯ ಅತ್ಯಂತ ಹಳೆಯ ಬರಹ ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಒಂದು ದಿಕ್ಕಿಗೆ ಎರ್ರಗುಡಿ, ಇನ್ನೊಂದು ದಿಕ್ಕಿಗೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು. ಎರಡು ಕಡೆಯೂ ಅಶೋಕನ ಪ್ರಾಕೃತ ಶಾಸನಗಳಿವೆ. ಆದೋನಿ ಬಳಿಯ ಮ್ಯಾಕದೋಣಿ ಶಾಸನದಲ್ಲಿ ಶಾತವಾಹನ ಪುಲುಮಾವಿಯ ಕಾಲದ ಗೃಹಸ್ಥನೊಬ್ಬ ಕೆರೆ ಕಟ್ಟಿಸಿದ್ದು ದಾಖಲಾಗಿದೆ, ಅದೂ ಪ್ರಾಕೃತದಲ್ಲೇ. ಆತ ಮನೆಯಲ್ಲೂ ಪ್ರಾಕೃತ ಆಡುತ್ತಿದ್ದನೆಂದು ಯಾರೂ ವಾದಿಸಲಾರರು. ಮುಂದೆ ಚಾಲುಕ್ಯರ ಕಾಲದಲ್ಲಿ ಈ ಸೀಮೆ ಸಿಂದವಾಡಿ ಸಾವಿರ ನಾಡಿಗೆ ಸೇರಿತು. 1939ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಶಾಸನಗಳ 9ನೆಯ ಸಂಪುಟದ ಮೊದಲ ಭಾಗದಲ್ಲಿ ಆದೋನಿ, ಆಲೂರು ತಾಲ್ಲೂಕುಗಳ ಕನ್ನಡ ಶಾಸನಗಳಿವೆ. ಹಾಗೆಂದು ಆಗ ಎಲ್ಲರೂ ಕನ್ನಡಿಗರೇ ಆಗಿದ್ದರೆನ್ನಲಾಗದು. ಕಲ್ಲಿನ ಭಾಷೆಯನ್ನೇ ಮನೆಮಾತಿಗೆ ಪುರಾವೆ ಮಾಡಿಕೊಳ್ಳುವುದು ಗಡಿವಾದಗಳ ಹಳೆಯ ಚಟ. ನಮ್ಮವರೂ ಅದರಿಂದ ಹೊರತಲ್ಲ.

ಬಿಜಾಪುರದ ಆಳ್ವಿಕೆಯೊಡನೆ ಕಚೇರಿಗೆ ಫಾರಸಿ ಬಂತು, ಆದೋನಿ ಪೇಟೆಯಲ್ಲಿ ದಖನಿ ಬೇರೂರಿತು. ಓದು ಬಾರದ ವೆಂಕಣ್ಣ ರಾಘವೇಂದ್ರ ಸ್ವಾಮಿಗಳ ಅನುಗ್ರಹದಿಂದ ನವಾಬನ ಪತ್ರ ಓದಿ ದಿವಾನನಾದ ಕಥೆ ಮಂತ್ರಾಲಯದ ಭಕ್ತರಿಗೆಲ್ಲ ಗೊತ್ತು. ಅದು ಐತಿಹ್ಯ ನಿಜ. ಆದರೆ ಕಚೇರಿಯ ಬರಹ ಬಲ್ಲವನಿಗೆ ಎಂಥ ಸ್ಥಾನ ಸಿಗುತ್ತಿತ್ತೆಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಇತ್ತ ಭಜನೆಗೆ ಕನ್ನಡವೇ ಉಳಿಯಿತು. ಕನ್ನಡದಲ್ಲಿ ಹಾಡಿದ ವಿಜಯದಾಸರು 1755ರಲ್ಲಿ ಕೊನೆಯುಸಿರೆಳೆದದ್ದು ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ. ಅಧಿಕಾರಕ್ಕೊಂದು, ಭಕ್ತಿಗೊಂದು, ಸಂತೆಗೆ ಎರಡು ಮೂರು: ಭಾಷೆಗಳು ಕೆಲಸ ಹಂಚಿಕೊಂಡಿದ್ದವು.

1800ರಲ್ಲಿ ನಿಜಾಮ ಈ ನಾಡನ್ನು ಕಂಪನಿಗೆ ಬಿಟ್ಟುಕೊಟ್ಟ. 1808ರಲ್ಲಿ ಬಳ್ಳಾರಿ ಜಿಲ್ಲೆಯಾಯಿತು. ಗ್ರಿಯರ್ಸನ್ನನ ಭಾಷಾ ಸಮೀಕ್ಷೆ ಮದ್ರಾಸ್ ಪ್ರಾಂತ್ಯವನ್ನು ಕೈಬಿಟ್ಟಿದ್ದರಿಂದ ಇಲ್ಲಿನ ಬೆರಕೆ ಮಾತಿನ ನಮೂನೆಗಳು ಆಗ ಸಂಗ್ರಹವಾಗಲಿಲ್ಲ. ಅದು ದೊಡ್ಡ ನಷ್ಟ. ಮುಂದೆ ಭಾಷಾವಾರು ಪ್ರಾಂತ್ಯಗಳ ಚರ್ಚೆ ಎದ್ದಾಗ ಕೇಳಿದ್ದು ಒಂದೇ ಪ್ರಶ್ನೆ: ಹೆಚ್ಚು ಜನರ ಭಾಷೆ ಯಾವುದು? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದವು ಮೈಸೂರಿಗೆ ಬಂದವು. ಎರಡು ಭಾಷೆಯಲ್ಲೂ ಬದುಕುವವನನ್ನು ಯಾವ ಕಡೆಗೆ ಎಣಿಸಬೇಕೆಂಬುದಕ್ಕೆ ಆ ಪ್ರಶ್ನೆಯಲ್ಲಿ ಜಾಗವಿರಲಿಲ್ಲ.

ಜನಗಣತಿಯ ನಮೂನೆಯಲ್ಲಿ ಆ ತೊಡಕು ಇನ್ನೂ ಇದೆ. 2011ರಲ್ಲಿ ಒಬ್ಬನಿಗೆ ಒಂದು ತಾಯ್ನುಡಿ, ಅದರ ಜೊತೆಗೆ ಬಲ್ಲ ಇನ್ನೆರಡು ಭಾಷೆ, ಅಷ್ಟೇ. ಈ ಸೀಮೆಯದೇ ಒಂದು ಉದಾಹರಣೆ: ದಸರೆಯ ರಾತ್ರಿ ದೇವರಗಟ್ಟಿನ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗೆ ಕಾವಲು ನಿಲ್ಲುವ ಊರುಗಳಲ್ಲಿ ನೆರಣಿಕಿ ತಾಂಡಾವೂ ಒಂದು. ಆ ತಾಂಡಾದಲ್ಲಿ ಲಂಬಾಣಿಯ ಜೊತೆಗೆ ತೆಲುಗು, ಕನ್ನಡ, ಉರ್ದು ಬಲ್ಲವನಿದ್ದರೆ ಅವನ ನಾಲ್ಕನೆಯ ಭಾಷೆ ಗಣತಿಯಿಂದ ಹೊರಗೇ.

ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯವೂ ಒಟ್ಟಾಗಿ ಹೊಳಗುಂದ, ಹಾಲಹರ್ವಿ, ಕೌತಾಳಂ ಮಂಡಲಗಳ ಮಾತನ್ನು ಧ್ವನಿಮುದ್ರಿಸಲಿ. ಯಾವ ಊರು ಯಾರದೆಂದು ತೀರ್ಮಾನಿಸಲು ಅಲ್ಲ. ಒಬ್ಬನೇ ಮನುಷ್ಯ ಎಲ್ಲಿ ಯಾರೊಡನೆ ಯಾವ ಭಾಷೆ ಆಡುತ್ತಾನೆಂದು ಬರೆದಿಡಲು.