ಗಾಜರ ಗವತದ ಪೂರ್ವಾಪರ

ಭಾದ್ರಪದದ ಹೊತ್ತಿಗೆ ಕಾಮೋಠೆಯಿಂದ ಪನವೇಲ್ ದಾಟಿ ಕರ್ನಾಳಾ ಕಡೆ ಹೊರಟರೆ ರಸ್ತೆಬದಿಯಲ್ಲಿ ತೇರಡಾ ಅರಳಿರುತ್ತದೆ. ನಮ್ಮ ಕರ್ಣಕುಂಡಲವೇ ಅದು. ಮರಾಠಿ ಮನೆಗಳಲ್ಲಿ ಅದನ್ನು ಬೇರುಸಮೇತ ತಂದು ಗೌರಿಯೆಂದು ಪೂಜಿಸುವುದುಂಟು. ಪಕ್ಕದಲ್ಲೇ, ಅದೇ ಮಳೆ ಕುಡಿದು, ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಹೂ ಬಿಟ್ಟ ಇನ್ನೊಂದು ಗಿಡವಿರುತ್ತದೆ. ಅದನ್ನು ಯಾರೂ ಮನೆಗೆ ತರುವುದಿಲ್ಲ. ಎಲೆ ಗಜ್ಜರಿಯದರಂತೆ ಇರುವುದರಿಂದ ಇಲ್ಲಿ ಅದು ಗಾಜರ ಗವತ. ನಮ್ಮಲ್ಲಿ ಕಾಂಗ್ರೆಸ್ ಕಸ. ಪುಸ್ತಕದ ಹೆಸರು ಪಾರ್ಥೇನಿಯಂ. ತವರು ಮೆಕ್ಸಿಕೋ ಸುತ್ತಲಿನ ಸೀಮೆ.

ಇದು ಹೇಗೆ ಬಂತೆಂದು ಕೇಳಿ, ಉತ್ತರ ಸಿದ್ಧವಿರುತ್ತದೆ: ಪಿ.ಎಲ್. 480ರ ಅಮೆರಿಕನ್ ಗೋಧಿಯ ಜೊತೆ. ನಾನೂ ಶಾಲೆಯಲ್ಲಿ ಇದನ್ನೇ ಕೇಳಿದ್ದೆ. ಆದರೆ ಪ್ರಾಜೆಕ್ಟ್ ನಡೆಸುವವನಿಗೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಚಟ. ಅಮೆರಿಕದಲ್ಲಿ ಆ ಕಾಯ್ದೆಯಾದದ್ದು 1954ರ ಜುಲೈಯಲ್ಲಿ. ಅದರಡಿ ಭಾರತ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. ಗಿಡವೋ, ಪುಣೆಯಲ್ಲಿ 1955ರಲ್ಲೇ ಕಾಣಿಸಿಕೊಂಡಿತ್ತು, ಆರ್. ಎಸ್. ರಾವ್ ಅದನ್ನು 1956ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ದಾಖಲಿಸಿದರು. ಅಂದರೆ ಆರೋಪಿ ಹಡಗು ಹೊರಡುವ ಮೊದಲೇ ಗಿಡ ಇಲ್ಲಿ ಹೂ ಬಿಟ್ಟಿತ್ತು!

ಹಾಗೆಂದು ಗೋಧಿ ಪೂರ್ತಿ ಖುಲಾಸೆಯಾಗುವುದಿಲ್ಲ. 1951ರಲ್ಲೇ ಅಮೆರಿಕ 19 ಕೋಟಿ ಡಾಲರ್ ಸಾಲ ಕೊಟ್ಟು ಧಾನ್ಯ ಕಳಿಸಿತ್ತು. ಆ ಮೂಟೆಗಳಲ್ಲಿ ಬೀಜ ಬಂದಿರಬಹುದು. ಬಂದದ್ದಕ್ಕಿಂತ ಹಬ್ಬಿದ್ದೇ ದೊಡ್ಡ ಕತೆ, ಅದರಲ್ಲಿ ನಮ್ಮ ಪಾಲೂ ಇದೆ. ಅಗೆದು ಬಿಟ್ಟ ನೆಲ ಎಂದರೆ ಈ ಗಿಡಕ್ಕೆ ಹಬ್ಬ. ಒಂದೊಂದು ಗಿಡಕ್ಕೂ ಸಾವಿರಗಟ್ಟಲೆ ಬೀಜ. ಹೆದ್ದಾರಿ, ರೈಲುಹಳಿ, ಮಣ್ಣಿನ ಲಾರಿ ಉಳಿದ ಕೆಲಸ ಮಾಡಿದವು. 1970ರಲ್ಲಿ ಹುಟ್ಟಿದ ಸಿಡ್ಕೋ ತಗ್ಗು ನೆಲಕ್ಕೆ ಮಣ್ಣು ತುಂಬಿ ಎಬ್ಬಿಸಿದ ಈ ನವಿ ಮುಂಬಯಿಯ ಖಾಲಿ ಪ್ಲಾಟುಗಳು ಅದಕ್ಕೆ ಹೇಳಿ ಮಾಡಿಸಿದಂಥವು.

ಬೆಂಗಳೂರಿನಲ್ಲಿ 1984ರಲ್ಲಿ ಇದನ್ನು ತಿನ್ನಲೆಂದು ಮೆಕ್ಸಿಕೋದಿಂದಲೇ ತರಿಸಿದ ಜೀರುಂಡೆ ಬಿಟ್ಟರು. ಅದು ಎಲೆ ತಿಂದಿತು, ನಿಜ. ನಡುವೆ ಸೂರ್ಯಕಾಂತಿಗೂ ಬಾಯಿ ಹಾಕಿ ರೈತರನ್ನು ಹೆದರಿಸಿತು. ಗಿಡ ಮಾತ್ರ ಇನ್ನೂ ಇದೆ.

ನಮ್ಮ ಸೆಕ್ಟರುಗಳಲ್ಲಿ ಮಳೆ ನಿಂತ ಮೇಲೆ ಇದನ್ನು ಕೀಳಲು ಬರುವ ಕೂಲಿಯವರಲ್ಲಿ ಕಲಬುರಗಿ, ವಿಜಯಪುರದ ಕನ್ನಡ ಕೇಳಿಸುತ್ತದೆ. ಮುಟ್ಟಿದರೆ ಹಲವರಿಗೆ ಚರ್ಮ ಉರಿದು ಬಿರಿಯುತ್ತದೆ, ಪರಾಗದಿಂದ ಉಬ್ಬಸ ಬರುತ್ತದೆ. ಹೂ ಬಿಡುವ ಮೊದಲೇ ಕಿತ್ತರೆ ಪರಾಗವೂ ಇಲ್ಲ, ಬೀಜವೂ ಇಲ್ಲ. ಆದರೆ ಅವರನ್ನು ಕರೆಸುವುದು ಹೂ ಬಿಟ್ಟ ಮೇಲೆ, ಕೈಗವಸಿಲ್ಲದೆ.