ಕಾಳಿಂಗ ಸರ್ಪ: ಒಂದು ಹೆಸರು ನಾಲ್ಕಾದ ಬಗೆ

ಕಾಸರಗೋಡು, ವಯನಾಡಿನ ಮಲೆಯಾಳಿಗಳು ರಾಜವೆಂಬಾಲ ಎಂದು ಕರೆಯುವ ಹಾವೇ ನಮ್ಮ ಕಾಳಿಂಗ ಸರ್ಪ. 1836ರಲ್ಲಿ ಕ್ಯಾಂಟರ್ ವಿವರಿಸಿದಂದಿನಿಂದ, ಪಶ್ಚಿಮ ಘಟ್ಟದಿಂದ ಫಿಲಿಪ್ಪೀನ್ಸ್‌ವರೆಗಿನ ಎಲ್ಲ ಕಾಳಿಂಗಗಳನ್ನೂ ಬಹುಕಾಲ ಒಂದೇ ಪ್ರಭೇದವೆಂದು ಎಣಿಸಲಾಗಿತ್ತು. 2021ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಇವುಗಳಲ್ಲಿ ನಾಲ್ಕು ಬೇರೆ ವಂಶಗಳಿವೆ ಎಂದು ತೋರಿಸಿತು. ಪಿ. ಗೌರಿಶಂಕರ್ ಮತ್ತು ಸಂಗಡಿಗರು ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳನ್ನೂ ಮೈಮೇಲಿನ ಪಟ್ಟೆಗಳನ್ನೂ ಹೋಲಿಸಿ ನೋಡಿ, 2024ರಲ್ಲಿ ನಾಲ್ಕು ಪ್ರಭೇದಗಳನ್ನು ಗುರುತಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ. ಮೊದಲ ಪದಕ್ಕೆ ಹಾವು ತಿನ್ನುವುದು ಎಂದರ್ಥ; ಎರಡನೆಯದು ಅಚ್ಚ ನಮ್ಮ ಜನರ ಬಾಯಿಮಾತು. ಲ್ಯಾಟಿನ್ ಹೆಸರುಗಳ ನಡುವೆ ಇಂಥದೊಂದು ಸಿಗುವುದು ಅಪರೂಪ. ಲೂಜಾನ್ ದ್ವೀಪದ್ದು ಸಾಲ್ವತಾನ. ಉಳಿದೆರಡು ಹನ್ನಾ ಮತ್ತು ಬಂಗಾರಸ್.

ಹೆಸರು ಬದಲಾದರೆ ಹಾವಿಗೇನು ಎಂದು ಕೇಳಬಹುದು. ಒಂದೇ ಪ್ರಭೇದವೆಂದು ಲೆಕ್ಕ ಹಾಕುವಾಗ ವಿಶಾಲವಾಗಿ ಕಾಣುತ್ತಿದ್ದ ನೆಲೆ, ಈಗ ಘಟ್ಟದ ಸಾಲಿಗಷ್ಟೇ ಸೀಮಿತ. ಇಲ್ಲಿ ಅಳಿದರೆ ಬೇರೆಡೆಯಿಂದ ತಂದು ತುಂಬುವಂತಿಲ್ಲ. ಮೃಗಾಲಯಗಳೂ ಜೋಡಿ ಕೂಡಿಸುವ ಮುನ್ನ ಹಾವು ಎಲ್ಲಿಯದೆಂದು ತಿಳಿಯಬೇಕು. ಮಂಗಳೂರಿನ ಪಿಲಿಕುಳದಲ್ಲಿ ಕಾಳಿಂಗ ಮರಿ ಮಾಡಿದ ಅನುಭವವಿದೆ. ಕಡಿತದ ಚಿಕಿತ್ಸೆಗೂ ಇದು ಮುಖ್ಯ. ಭಾರತದ ಸಾಮಾನ್ಯ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲಗಳ ವಿಷದಿಂದ ತಯಾರಾದದ್ದು. ಕಾಳಿಂಗಕ್ಕೆಂದೇ ಇರುವ ಪ್ರತಿವಿಷ ಥಾಯ್ಲೆಂಡಿನಲ್ಲಿ ಅಲ್ಲಿನ ಹಾವಿನ ವಿಷದಿಂದ ಆಗುತ್ತದೆ.

ಹಿಡಿದ ಹಾವನ್ನು ದೂರ ಒಯ್ದು ಬಿಡುವ ಚಾಳಿಯೂ ಒಳ್ಳೆಯದಲ್ಲ. ಆಗುಂಬೆಯಲ್ಲಿ ರೇಡಿಯೋ ಅಳವಡಿಸಿ ನೋಡಿದಾಗ, ಹಾಗೆ ಸಾಗಿಸಿದ ಹಾವು ನೆಲೆ ನಿಲ್ಲದೆ ಬಹುದೂರ ಅಲೆದಿತ್ತು. ಸಿಕ್ಕ ಜಾಗದ ಹತ್ತಿರವೇ ಬಿಡುವುದು ಲೇಸು.

ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಇದೊಂದೇ. ಮಳೆಗಾಲಕ್ಕೆ ಮುಂಚೆ ಹೆಣ್ಣು ಒಣ ತರಗೆಲೆಗಳನ್ನು ಮೈಯಿಂದಲೇ ಬಳಸಿ ಒಟ್ಟಿ, ಒಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಕೂರುತ್ತದೆ. ಕೊಳೆಯುವ ಎಲೆಯ ಶಾಖ ಮೊಟ್ಟೆಗೆ ಕಾವು ಕೊಡುತ್ತದೆ. ಮರಿ ಹೊರಬರುವ ಮೊದಲೇ ತಾಯಿ ಹೊರಟುಹೋಗುತ್ತದೆ. ತೋಟದಲ್ಲಿ ಇಂಥ ಎಲೆರಾಶಿ ಕಂಡರೆ ಕೆದಕದೆ, ಕೆಲಸದವರನ್ನು ದೂರವಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ. ಹುಟ್ಟಿದ ಮರಿಗೂ ವಿಷವಿರುತ್ತದೆ.